ಮನೆ ನವೀಕರಣಕ್ಕೆ ಮೊದಲು: ಕಟ್ಟಡ ಮತ್ತು ಪ್ಲಂಬಿಂಗ್ ಕೋಡ್ ಕಲಿಯುವುದು ಹೇಗೆ?

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ಬಚ್ಚಲುಮನೆ ಒಡೆದು ಹೊಸದಾಗಿ ಮಾಡಿಸ್ತಾ ಇದ್ದೇವೆ. ಎಲ್ಲಾ ಕೋಡ್ ಪ್ರಕಾರ ಇರಬೇಕು ಅಂತಾರೆ. ಪುಸ್ತಕ ತೆರೆದರೆ ನೂರಾರು ಪುಟ. ಎಲ್ಲಿಂದ ಶುರು ಮಾಡೋದು?"

ಮೊದಲ ಪುಟದಿಂದಂತೂ ಬೇಡ. ಕೋಡ್ ಪುಸ್ತಕವನ್ನು ಕಥೆಯ ಹಾಗೆ ಓದಲು ಹೋದವರು ಮೂರನೇ ದಿನ ಬಿಟ್ಟುಬಿಡುತ್ತಾರೆ. ನಿಮ್ಮ ಕೆಲಸ ಯಾವುದೋ ಅದಕ್ಕೆ ಬೇಕಾದ ನಿಯಮಗಳನ್ನು ಹುಡುಕಿ ಓದಿ. ಪ್ರತಿ ನಿಯಮದ ಹಿಂದೆ ಇರುವ ಕಾರಣವನ್ನೂ ಕೇಳಿಕೊಳ್ಳಿ. ಕಾರಣ ಗೊತ್ತಿದ್ದರೆ ಅಂಕಿ ಮರೆತರೂ ಪರವಾಗಿಲ್ಲ, ಪುಸ್ತಕದಲ್ಲಿ ಸಿಗುತ್ತದೆ. ಕಾರಣವೇ ಗೊತ್ತಿಲ್ಲದಿದ್ದರೆ ಯಾವ ಅಂಕಿ ಹುಡುಕಬೇಕು ಎನ್ನುವುದೂ ತಿಳಿಯುವುದಿಲ್ಲ.

ಕೋಡ್ ಅಂದರೆ ಕಟ್ಟಡ ಹೇಗಿದ್ದರೆ ಸುರಕ್ಷಿತ ಎಂದು ಹೇಳುವ ಕನಿಷ್ಠ ನಿಯಮಗಳ ಕಟ್ಟು. ಕನಿಷ್ಠ ಎನ್ನುವುದು ಮುಖ್ಯ. ಅದಕ್ಕಿಂತ ಚೆನ್ನಾಗಿ ಮಾಡಲು ಅಡ್ಡಿಯಿಲ್ಲ, ಕಡಿಮೆ ಮಾಡುವ ಹಾಗಿಲ್ಲ.

ಶುರು ಮಾಡುವ ಮೊದಲು ಇವಿಷ್ಟು ಕೈಯಲ್ಲಿರಲಿ: ಅಳತೆ ಟೇಪು, ರಸಮಟ್ಟ, ಒಂದು ಟಾರ್ಚು, ಒಂದು ನೋಟ್‌ಬುಕ್, ಮನೆಯ ಹಳೆ ನಕ್ಷೆ ಇದ್ದರೆ ಅದು. ಕೋಡ್ ಪುಸ್ತಕ ಯಾವುದು ಅನ್ನುವುದೇ ಮೊದಲ ಹೆಜ್ಜೆ.

ಹೆಜ್ಜೆ 1: ನಿಮ್ಮ ಮನೆಗೆ ಯಾವ ಪುಸ್ತಕ ಅನ್ವಯಿಸುತ್ತದೆ?

ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು. ಹೆಚ್ಚಿನ ದೇಶಗಳಲ್ಲಿ ಎರಡು ಮಟ್ಟ ಇರುತ್ತದೆ. ಒಂದು ಮಾದರಿ ಕೋಡ್. ತಜ್ಞರ ಸಂಸ್ಥೆಯೊಂದು ಬರೆದು ಪ್ರಕಟಿಸುವುದು. ಇನ್ನೊಂದು, ಆ ಮಾದರಿಯನ್ನು ನಿಮ್ಮ ರಾಜ್ಯವೋ ನಗರವೋ ತಿದ್ದುಪಡಿಗಳ ಜೊತೆ ಒಪ್ಪಿಕೊಂಡ ರೂಪ. ಕಾನೂನಿನ ಬಲ ಇರುವುದು ಎರಡನೆಯದಕ್ಕೆ.

ಭಾರತದಲ್ಲಿ ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಪ್ರಕಟಿಸುವ ನ್ಯಾಷನಲ್ ಬಿಲ್ಡಿಂಗ್ ಕೋಡ್ ಮಾದರಿ. ಮೊದಲು 1970ರಲ್ಲಿ ಬಂತು. 1983, 2005 ಮತ್ತು 2016ರಲ್ಲಿ ಪರಿಷ್ಕರಣೆ ಆಯಿತು. ಅದರ 9ನೇ ಭಾಗ ಪ್ಲಂಬಿಂಗ್‌ಗೆ ಮೀಸಲು. ಆದರೆ ಅದು ಶಿಫಾರಸು ಮಾತ್ರ. ಸ್ಥಳೀಯ ಸಂಸ್ಥೆಯ ಕಟ್ಟಡ ಬೈಲಾದಲ್ಲಿ ಸೇರಿದಾಗ ಕಡ್ಡಾಯವಾಗುತ್ತದೆ. ಅಮೆರಿಕದಲ್ಲಿ ಮನೆಗಳಿಗೆ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮಾದರಿ ಇದೆ. ಇದನ್ನು ಐಆರ್‌ಸಿ ಅನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಹೆಸರಲ್ಲಿ ಇಂಟರ್‌ನ್ಯಾಷನಲ್ ಅಂತ ಇದ್ದ ಮಾತ್ರಕ್ಕೆ ಎಲ್ಲ ದೇಶಕ್ಕೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಕೆಲವು ರಾಜ್ಯಗಳು ಪ್ಲಂಬಿಂಗ್‌ಗೆ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್, ಅಂದರೆ ಯುಪಿಸಿ, ಬಳಸುತ್ತವೆ. ಇಂಗ್ಲೆಂಡಿನಲ್ಲಿ ಬಿಲ್ಡಿಂಗ್ ರೆಗ್ಯುಲೇಷನ್ಸ್, ಅದನ್ನು ವಿವರಿಸುವ ಅಪ್ರೂವ್ಡ್ ಡಾಕ್ಯುಮೆಂಟ್‌ಗಳು. ಅದರಲ್ಲಿ ಎಚ್ ಭಾಗ ಒಳಚರಂಡಿಗೆ, ಜಿ ಭಾಗ ನೀರು ಮತ್ತು ಶೌಚಕ್ಕೆ.

ಮಾಡಬೇಕಾದ್ದು ಸುಲಭ. ನಿಮ್ಮ ಸ್ಥಳೀಯ ಕಟ್ಟಡ ಅನುಮತಿ ಕಚೇರಿಗೆ ಹೋಗಿ ಅಥವಾ ಫೋನ್ ಮಾಡಿ. ಮೂರು ಪ್ರಶ್ನೆ ಕೇಳಿ. ಯಾವ ಕೋಡ್? ಯಾವ ವರ್ಷದ ಆವೃತ್ತಿ? ಸ್ಥಳೀಯ ತಿದ್ದುಪಡಿ ಎಲ್ಲಿ ಸಿಗುತ್ತದೆ? ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಹೆಚ್ಚಿನ ಕೋಡ್‌ಗಳನ್ನು ಪ್ರಕಾಶಕರ ಜಾಲತಾಣದಲ್ಲೇ ದುಡ್ಡು ಕೊಡದೆ ಓದಬಹುದು.

ಎಚ್ಚರಿಕೆ: ಹೊಸ ಆವೃತ್ತಿ ಬಂದಿದೆ ಅಂತ ಅದನ್ನೇ ಓದಬೇಡಿ. ನಿಮ್ಮ ಊರು ಇನ್ನೂ ಹಳೆಯದನ್ನೇ ಪಾಲಿಸುತ್ತಿರಬಹುದು. ವೀಡಿಯೊ ನೋಡಿ ಕಲಿಯುವವರು ಇನ್ನೊಂದು ವಿಷಯ ಗಮನಿಸಿ. ವೀಡಿಯೊದಲ್ಲಿ ಮಾತಾಡುವವರು ಯಾವ ದೇಶದವರು, ಯಾವ ಕೋಡ್ ಪ್ರಕಾರ ಹೇಳುತ್ತಿದ್ದಾರೆ ಅನ್ನುವುದು ಗೊತ್ತಾಗದೆ ಅವರ ಅಳತೆ ಬರೆದುಕೊಳ್ಳಬೇಡಿ. ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂದು ನಾಲ್ಕನೇ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 2: ಕೆಲಸವನ್ನು ಪ್ರಶ್ನೆಗಳಾಗಿ ಬಿಡಿಸಿ

"ಬಚ್ಚಲುಮನೆ ನವೀಕರಣ" ಎಂಬ ಅಧ್ಯಾಯ ಯಾವ ಕೋಡ್‌ನಲ್ಲೂ ಇಲ್ಲ. ಕೋಡ್ ಮಾತಾಡುವುದು ಪೈಪು, ಗೋಡೆ, ಗಾಳಿ, ಬೆಳಕು, ವಿದ್ಯುತ್ ಬಗ್ಗೆ. ಹಾಗಾಗಿ ನಿಮ್ಮ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ, "ಬಾತ್‌ಟಬ್ ತೆಗೆದು ಶವರ್ ಹಾಕುವುದು, ಕಮೋಡನ್ನು ಎದುರು ಗೋಡೆಗೆ ಸರಿಸುವುದು."

ಈಗ ಅದನ್ನು ಒಡೆಯಿರಿ. ಶವರ್‌ಗೆ ಎಷ್ಟು ಅಗಲದ ಡ್ರೈನ್ ಬೇಕು? ಕಮೋಡ್ ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು? ಹೊಸ ಪೈಪಿಗೆ ಎಷ್ಟು ವಾಟ ಕೊಡಬೇಕು? ಪೈಪು ಹಾಯಿಸಲು ಯಾವ ತೊಲೆ, ಯಾವ ಗೋಡೆ ಕೊರೆಯಬೇಕಾಗುತ್ತದೆ? ಗಾಳಿ ಹೊರಹಾಕುವ ಫ್ಯಾನ್ ಬೇಕಾ? ಇದಕ್ಕೆ ಅನುಮತಿ ಬೇಕಾ? ಹೀಗೆ ಹತ್ತು ಹದಿನೈದು ಪ್ರಶ್ನೆ ಬರುತ್ತವೆ. ನೀವು ಕಲಿಯಬೇಕಾದ ಕೋಡ್ ಅಷ್ಟೇ. ನೂರಾರು ಪುಟ ಈಗ ಇಪ್ಪತ್ತು ಮೂವತ್ತು ಪುಟಕ್ಕೆ ಇಳಿಯಿತು.

ಅನುಮತಿಯ ಪ್ರಶ್ನೆಯನ್ನು ಮೊದಲೇ ಬಗೆಹರಿಸಿ. ಸಾಮಾನ್ಯವಾಗಿ ಬಣ್ಣ, ಟೈಲ್ಸ್, ಅದೇ ಜಾಗದಲ್ಲಿ ನಲ್ಲಿ ಬದಲಾಯಿಸುವುದು, ಇವಕ್ಕೆ ಅನುಮತಿ ಬೇಡ. ಪೈಪಿನ ದಾರಿ ಬದಲಾದರೆ, ಭಾರ ಹೊರುವ ಗೋಡೆ ಮುಟ್ಟಿದರೆ, ಹೊಸ ವಿದ್ಯುತ್ ಲೈನ್ ಎಳೆದರೆ ಬೇಕಾಗುತ್ತದೆ. ಆಡಳಿತದ ಅಧ್ಯಾಯದಲ್ಲಿ ಅನುಮತಿ ಬೇಡದ ಕೆಲಸಗಳ ಪಟ್ಟಿಯೇ ಇರುತ್ತದೆ. ಐಆರ್‌ಸಿಯಲ್ಲಿ ಅದು ಮೊದಲ ಅಧ್ಯಾಯದಲ್ಲೇ ಇದೆ.

ಎಚ್ಚರಿಕೆ: "ಅನುಮತಿ ಬೇಡ" ಅಂದರೆ "ಕೋಡ್ ಅನ್ವಯಿಸುವುದಿಲ್ಲ" ಅಂತ ಅರ್ಥವಲ್ಲ. ಕಾಗದ ಬೇಡ, ನಿಯಮ ಬೇಕು.

ಹೆಜ್ಜೆ 3: ಕೋಡ್ ಭಾಷೆ ಓದುವುದನ್ನು ಕಲಿಯಿರಿ

ಮೊದಲು ವ್ಯಾಖ್ಯೆಗಳ ಅಧ್ಯಾಯಕ್ಕೆ ಹೋಗಿ. ಸಾಮಾನ್ಯವಾಗಿ ಎರಡನೆಯದು. ನಾವು ದಿನಾ ಬಳಸುವ ಪದಕ್ಕೆ ಅಲ್ಲಿ ಬೇರೆಯೇ ಅರ್ಥ ಇರುತ್ತದೆ. "ಅಕ್ಸೆಸಿಬಲ್" ಅಂದರೆ ಒಂದು ಮುಚ್ಚಳವೋ ಫಲಕವೋ ತೆಗೆದು ಕೈ ಹಾಕಬಹುದಾದದ್ದು. "ರೆಡಿಲಿ ಅಕ್ಸೆಸಿಬಲ್" ಅಂದರೆ ಏನನ್ನೂ ತೆಗೆಯದೆ ನೇರವಾಗಿ ಕೈಗೆ ಸಿಗಬೇಕು. ವಾಲ್ವ್ ಒಂದನ್ನು ಫಲಕದ ಹಿಂದೆ ಇಡಬಹುದೋ ಬೇಡವೋ ಅನ್ನುವುದು ಈ ಒಂದು ಪದದ ಮೇಲೆ ನಿಂತಿದೆ. "ಲಿಸ್ಟೆಡ್" ಅಂದರೆ ಮಾನ್ಯತೆ ಪಡೆದ ಸಂಸ್ಥೆ ಪರೀಕ್ಷಿಸಿ ತನ್ನ ಪಟ್ಟಿಗೆ ಸೇರಿಸಿದ ವಸ್ತು. "ಫಿಕ್ಸ್ಚರ್" ಅಂದರೆ ನೀರು ಬಳಸಿ ಕೊಳೆ ನೀರು ಬಿಡುವ ಪ್ರತಿ ಸಾಧನ: ಸಿಂಕ್, ಕಮೋಡ್, ಶವರ್, ವಾಶ್‌ಬೇಸಿನ್.

ನಂತರ ಕ್ರಿಯಾಪದ ನೋಡಿ. "ಶಲ್" ಅಂದರೆ ಮಾಡಲೇಬೇಕು. "ಮೇ" ಅಥವಾ "ಪರ್ಮಿಟೆಡ್" ಅಂದರೆ ಮಾಡಬಹುದು. ಪ್ರತಿ ನಿಯಮದ ಕೆಳಗೆ "ಎಕ್ಸೆಪ್ಷನ್" ಇದೆಯಾ ಅಂತ ನೋಡದೆ ಪುಟ ತಿರುಗಿಸಬೇಡಿ. ನಿಮ್ಮ ಮನೆಯ ಪರಿಸ್ಥಿತಿ ಆ ವಿನಾಯಿತಿಯಲ್ಲೇ ಇರಬಹುದು.

ಸಂಖ್ಯೆಗೂ ಒಂದು ವ್ಯಾಕರಣ ಇದೆ. ಐಆರ್‌ಸಿಯ "ಪಿ3005.3" ತೆಗೆದುಕೊಳ್ಳಿ. ಪಿ ಅಂದರೆ ಪ್ಲಂಬಿಂಗ್. 30 ಅಧ್ಯಾಯ. 05 ವಿಭಾಗ. 3 ಉಪವಿಭಾಗ. ಇದು ಡ್ರೈನ್ ಪೈಪಿನ ವಾಟದ ನಿಯಮ. ಆರ್ ಅಂದರೆ ಕಟ್ಟಡ, ಇ ಅಂದರೆ ವಿದ್ಯುತ್. ಇದು ಅರ್ಥವಾದ ಮೇಲೆ ತಪಾಸಣೆ ಚೀಟಿಯಲ್ಲಿ ಬರೆದ ಸಂಖ್ಯೆ ನೋಡಿ ಗಾಬರಿ ಆಗುವುದಿಲ್ಲ, ನೇರ ಆ ಪುಟಕ್ಕೆ ಹೋಗಬಹುದು.

ಇನ್ನೊಂದು ಗೊಂದಲ ಪೈಪಿನ ಅಳತೆ. ಪೈಪಿನ ಹೆಸರಿನ ಅಳತೆ ಬೇರೆ, ನಿಜವಾದ ಅಳತೆ ಬೇರೆ. ಅಮೆರಿಕದ ಲೆಕ್ಕದ "ಒಂದೂವರೆ ಇಂಚು" ಪಿವಿಸಿ ಪೈಪಿನ ಹೊರಗಿನ ಅಗಲ 1.9 ಇಂಚು. ಕೋಡ್ ಕೋಷ್ಟಕದಲ್ಲಿ ಇರುವುದು ಹೆಸರಿನ ಅಳತೆ. ಕೊರೆಯುವ ತೂತಿಗೆ ಬೇಕಾದದ್ದು ನಿಜವಾದ ಅಳತೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಡ್ರೈನ್, ಟ್ರ್ಯಾಪ್, ವೆಂಟ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪ್ಲಂಬಿಂಗ್ ಕೋಡ್‌ನಲ್ಲಿ ಜನ ಜಾಸ್ತಿ ಎಡವುವ ಜಾಗ ಇದು. ಅರ್ಥವಾದರೆ ತುಂಬಾ ಚೆಂದದ ಜಾಗವೂ ಹೌದು.

ಟ್ರ್ಯಾಪ್ ಅಂದರೆ ಸಿಂಕ್ ಕೆಳಗೆ ಬಾಗಿದ ಪೈಪು. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಮುಚ್ಚಳ. ಒಳಚರಂಡಿಯ ಗಾಳಿ, ವಾಸನೆ, ಹುಳ ಮನೆಯೊಳಗೆ ಬರದಂತೆ ತಡೆಯುತ್ತದೆ. ಇದನ್ನು ವಾಟರ್ ಸೀಲ್ ಅನ್ನುತ್ತಾರೆ. ಐಆರ್‌ಸಿ ಪ್ರಕಾರ ಇದರ ಆಳ 2ರಿಂದ 4 ಇಂಚು. ಇಂಗ್ಲೆಂಡಿನ ಎಚ್ ಭಾಗದ ಪ್ರಕಾರ ವಾಶ್‌ಬೇಸಿನ್‌ಗೆ 75 ಮಿ.ಮೀ., ಶವರ್‌ಗೆ 50 ಮಿ.ಮೀ. ಯಾಕೆ ಈ ಮಿತಿ? ತೀರ ಕಡಿಮೆ ಇದ್ದರೆ ನೀರು ಆವಿಯಾಗಿ ಅಥವಾ ಎಳೆದುಕೊಂಡು ಹೋಗಿ ಖಾಲಿಯಾಗುತ್ತದೆ. ತೀರ ಜಾಸ್ತಿ ಇದ್ದರೆ ಹರಿವಿಗೆ ಕೊಳೆ ಕೊಚ್ಚಿಕೊಂಡು ಹೋಗಲು ಆಗದೆ ತಳದಲ್ಲಿ ಕೂರುತ್ತದೆ.

ಈಗ ವೆಂಟ್. ಡ್ರೈನ್ ಪೈಪಿಗೆ ಗಾಳಿ ಕೊಡುವ, ಚಾವಣಿಯ ಮೇಲೆ ತೆರೆದುಕೊಳ್ಳುವ ಪೈಪು. ನೀರು ಪೈಪು ತುಂಬಿ ಕೆಳಗೆ ಓಡುವಾಗ ಹಿಂದೆ ಗಾಳಿಯನ್ನು ಎಳೆಯುತ್ತದೆ. ಗಾಳಿ ಬರಲು ದಾರಿ ಇಲ್ಲದಿದ್ದರೆ ಟ್ರ್ಯಾಪ್‌ನಲ್ಲಿ ನಿಂತ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಇದು ಸೈಫನ್. ಸಿಂಕ್ ಖಾಲಿಯಾಗುವಾಗ ಕೊನೆಗೆ "ಗುಳುಗುಳು" ಸದ್ದು ಬಂದು, ಆಮೇಲೆ ವಾಸನೆ ಬರುತ್ತದೆ ಅಲ್ವಾ? ಅದು ಹೆಚ್ಚಾಗಿ ಇದೇ ಕಾಯಿಲೆ. ಟ್ರ್ಯಾಪ್ ಆದ ಮೇಲೆ ಪೈಪು ನೇರ ನೆಲಕ್ಕೆ ಇಳಿಯುವ ಎಸ್ ಆಕಾರದ ಟ್ರ್ಯಾಪನ್ನು ಐಆರ್‌ಸಿ, ಯುಪಿಸಿ ಎರಡೂ ನಿಷೇಧಿಸಿರುವುದು ಇದಕ್ಕೇ.

ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. ಐಆರ್‌ಸಿಯಲ್ಲಿ ಎರಡೂವರೆ ಇಂಚು ಮತ್ತು ಅದಕ್ಕಿಂತ ಸಣ್ಣ ಪೈಪಿಗೆ ಅಡಿಗೆ ಕಾಲು ಇಂಚು. ಅಂದರೆ ಮೀಟರಿಗೆ ಸುಮಾರು 2 ಸೆಂ.ಮೀ. ಮೂರು ಇಂಚು ಮತ್ತು ಮೇಲಿನದಕ್ಕೆ ಕನಿಷ್ಠ ಅಡಿಗೆ ಅರೆಕಾಲು, ಅಂದರೆ ಎಂಟನೇ ಒಂದು ಇಂಚು.

ಈ ಮೂರನ್ನೂ ಸೇರಿಸಿ ನೋಡಿ, ಒಂದು ನಿಯಮ ತಾನಾಗಿ ಹುಟ್ಟುತ್ತದೆ. ಟ್ರ್ಯಾಪ್‌ನಿಂದ ವೆಂಟ್‌ವರೆಗಿನ ಅಡ್ಡ ಪೈಪಿಗೆ ಟ್ರ್ಯಾಪ್ ಆರ್ಮ್ ಅನ್ನುತ್ತಾರೆ. ಈ ತುಂಡು ಉದ್ದವಾದಷ್ಟೂ ವಾಟದಿಂದ ಅದರ ತುದಿ ಕೆಳಗೆ ಹೋಗುತ್ತದೆ. ತುದಿಯಲ್ಲಿ ಪೈಪಿನ ಮೇಲ್ಭಾಗವು ಟ್ರ್ಯಾಪ್‌ನಲ್ಲಿ ನೀರು ಉಕ್ಕಿ ಆಚೆ ಹರಿಯುವ ಅಂಚಿಗಿಂತ ಕೆಳಗೆ ಇಳಿದರೆ ವೆಂಟ್‌ನ ಬಾಯಿ ನೀರಿನಿಂದ ಮುಚ್ಚಿ ಸೈಫನ್ ಆಗುತ್ತದೆ. ಹಾಗಾಗಿ ಐಆರ್‌ಸಿ ಹೇಳುವುದು: ಒಟ್ಟು ಇಳಿತ ಪೈಪಿನ ಅಗಲಕ್ಕಿಂತ ಜಾಸ್ತಿ ಆಗಬಾರದು. ಒಂದೂವರೆ ಇಂಚಿನ ಪೈಪು, ಅಡಿಗೆ ಕಾಲು ಇಂಚು ವಾಟ. ಆರು ಅಡಿ ಹೋದರೆ ಇಳಿತ ಒಂದೂವರೆ ಇಂಚು. ಸರಿಯಾಗಿ ಪೈಪಿನ ಅಗಲ. ಕೋಷ್ಟಕ ನೋಡಿ, ಒಂದೂವರೆ ಇಂಚಿಗೆ ಮಿತಿ ಆರು ಅಡಿಯೇ. ಎರಡು ಇಂಚಿಗೆ ಎಂಟು ಅಡಿ. ಅದೂ ಅದೇ ಲೆಕ್ಕ. ಬಾಯಿಪಾಠ ಮಾಡದೆ ಕೋಡ್ ಕಲಿಯುವುದು ಅಂದರೆ ಇದೇ.

ಈಗ ಮೊದಲ ಹೆಜ್ಜೆಯಲ್ಲಿ ಹೇಳಿದ ಮಾತಿಗೆ ಬರೋಣ. ಯುಪಿಸಿ ಇದೇ ಒಂದೂವರೆ ಇಂಚಿನ ಪೈಪಿಗೆ ಬಿಡುವುದು 42 ಇಂಚು ಮಾತ್ರ, ಅಂದರೆ ಮೂರೂವರೆ ಅಡಿ. ಎರಡು ಇಂಚಿಗೆ ಐದು ಅಡಿ. ನೀವು ಐದು ಅಡಿ ದೂರಕ್ಕೆ ಒಂದೂವರೆ ಇಂಚಿನ ಪೈಪು ಎಳೆದಿದ್ದೀರಿ ಅಂದುಕೊಳ್ಳಿ. ಒಂದು ಕೋಡ್‌ನಲ್ಲಿ ಅದು ಪಾಸು, ಇನ್ನೊಂದರಲ್ಲಿ ಫೇಲು. ನಿಯಮದ ಹಿಂದಿನ ಕಾರಣ ಒಂದೇ, ಸುರಕ್ಷತೆಗೆ ಎಷ್ಟು ಅಂತರ ಬಿಟ್ಟು ಮಿತಿ ಹಾಕಬೇಕು ಎನ್ನುವ ತೀರ್ಮಾನ ಬೇರೆ.

ಗೋಡೆಯೊಳಗೆ ಕೂರುವ, ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ವಾಲ್ವ್ ಕಥೆಯೂ ಹೀಗೇ. ಐಆರ್‌ಸಿ ಅದನ್ನು ಷರತ್ತುಗಳ ಜೊತೆ ಒಪ್ಪುತ್ತದೆ. ಯುಪಿಸಿ ಇರುವ ಕಡೆ ಸ್ಥಳೀಯ ಅಧಿಕಾರಿಯನ್ನು ಕೇಳದೆ ಹಾಕಬೇಡಿ.

ಪೈಪಿನ ಅಗಲ ನಿರ್ಧರಿಸುವುದು ಫಿಕ್ಸ್ಚರ್ ಯೂನಿಟ್ ಲೆಕ್ಕದಿಂದ. ಒಂದು ಸಾಧನ ಡ್ರೈನ್ ಮೇಲೆ ಎಷ್ಟು ಹೊರೆ ಹಾಕುತ್ತದೆ ಎನ್ನುವುದಕ್ಕೆ ಕೊಟ್ಟ ಅಂಕ ಅದು. ಐಆರ್‌ಸಿಯಲ್ಲಿ ವಾಶ್‌ಬೇಸಿನ್‌ಗೆ 1, ಶವರ್‌ಗೆ 2, ಅಡುಗೆಮನೆ ಸಿಂಕ್‌ಗೆ 2, ಕಡಿಮೆ ನೀರಿನ ಕಮೋಡ್‌ಗೆ 3. ಎಲ್ಲ ಕೂಡಿಸಿ ಕೋಷ್ಟಕದಲ್ಲಿ ಪೈಪಿನ ಅಗಲ ನೋಡುವುದು. ಜೊತೆಗೆ ಎರಡು ವಿಷಯ ನೆನಪಿಡಿ. ಕಮೋಡಿನ ಡ್ರೈನ್ ಮೂರು ಇಂಚಿಗಿಂತ ಕಡಿಮೆ ಇರಬಾರದು. ನೀರು ಹರಿಯುವ ದಿಕ್ಕಿನಲ್ಲಿ ಪೈಪು ಎಂದೂ ಸಣ್ಣದಾಗಬಾರದು.

ಇಲ್ಲಿನ ಸಾಮಾನ್ಯ ತಪ್ಪುಗಳು:

- ಬಾತ್‌ಟಬ್ ತೆಗೆದು ಶವರ್ ಹಾಕುವಾಗ ಹಳೆ ಒಂದೂವರೆ ಇಂಚಿನ ಡ್ರೈನನ್ನೇ ಉಳಿಸಿಕೊಳ್ಳುವುದು. ಯುಪಿಸಿ ಶವರ್‌ಗೆ ಎರಡು ಇಂಚು ಕೇಳುತ್ತದೆ. ಟೈಲ್ಸ್ ಹಾಕಿದ ಮೇಲೆ ಗೊತ್ತಾದರೆ ಎಲ್ಲವನ್ನೂ ಒಡೆಯಬೇಕು.
- ಒಂದು ಸಾಧನಕ್ಕೆ ಎರಡು ಟ್ರ್ಯಾಪ್ ಹಾಕುವುದು. ಎರಡರ ನಡುವೆ ಗಾಳಿ ಸಿಕ್ಕಿಕೊಂಡು ನೀರು ನಿಧಾನವಾಗುತ್ತದೆ. ಕೋಡ್ ಇದನ್ನು ಒಪ್ಪುವುದಿಲ್ಲ.
- ಕ್ಲೀನ್‌ಔಟ್, ಅಂದರೆ ಕಟ್ಟಿಕೊಂಡಾಗ ಬಿಚ್ಚಿ ಸ್ವಚ್ಛ ಮಾಡುವ ಮುಚ್ಚಳ, ಟೈಲ್ಸ್ ಹಿಂದೆ ಮುಚ್ಚಿಬಿಡುವುದು.
- ಕಮೋಡಿನ ಜಾಗವನ್ನು ಇನ್ನೂ ಗಾರೆ, ಟೈಲ್ಸ್ ಹಾಕದ ಗೋಡೆಯಿಂದ ಅಳೆಯುವುದು. ಐಆರ್‌ಸಿ ಕೇಳುವುದು ಕಮೋಡಿನ ಮಧ್ಯದಿಂದ ಪಕ್ಕದ ಗೋಡೆಗೆ 15 ಇಂಚು, ಅದೂ ಮುಗಿದ ಗೋಡೆಗೆ. ಗಾರೆ ಮತ್ತು ಟೈಲ್ಸ್ ದಪ್ಪ ಮೊದಲೇ ಕಳೆಯಿರಿ.

ಹೆಜ್ಜೆ 5: ಕುಡಿಯುವ ನೀರಿನ ಲೈನ್

ಇಲ್ಲಿರುವ ನಿಯಮಗಳ ಹಿಂದೆ ಎರಡೇ ಭಯ. ಕೊಳೆ ನೀರು ಹಿಂದಕ್ಕೆ ಬಂದು ಕುಡಿಯುವ ನೀರಿಗೆ ಸೇರುವುದು ಒಂದು. ಒತ್ತಡ ಮತ್ತು ಬಿಸಿಯಿಂದ ಅನಾಹುತ ಆಗುವುದು ಇನ್ನೊಂದು.

ಹಿಂದಕ್ಕೆ ಹರಿಯುವುದಕ್ಕೆ ಬ್ಯಾಕ್‌ಫ್ಲೋ ಅನ್ನುತ್ತಾರೆ. ತೋಟದ ಪೈಪಿನ ತುದಿ ಬಕೆಟ್‌ನೊಳಗೆ ಮುಳುಗಿದೆ, ಅಷ್ಟರಲ್ಲಿ ಬೀದಿಯ ಮುಖ್ಯ ಲೈನಿನ ಒತ್ತಡ ಬಿದ್ದುಹೋಯಿತು ಅಂದುಕೊಳ್ಳಿ. ಬಕೆಟ್‌ನ ನೀರು ಮನೆಯ ಲೈನಿಗೆ ಎಳೆದುಕೊಂಡು ಬರುತ್ತದೆ. ಇದಕ್ಕೆ ಸುಲಭವಾದ, ಕೆಡದ ಪರಿಹಾರ ಏರ್ ಗ್ಯಾಪ್. ನಲ್ಲಿಯ ಬಾಯಿಗೂ ಬೇಸಿನ್ನಿನ ಮೇಲಂಚಿಗೂ ನಡುವೆ ಗಾಳಿಯ ಅಂತರ ಬಿಡುವುದು. ನಲ್ಲಿ ಬಾಯಿಯ ಅಗಲದ ಎರಡು ಪಟ್ಟು ಅಂತರ ಎನ್ನುವುದು ಮೂಲ ಸೂತ್ರ. ಪಕ್ಕದಲ್ಲಿ ಗೋಡೆ ಇದ್ದರೆ ಇನ್ನೂ ಜಾಸ್ತಿ. ಹ್ಯಾಂಡ್ ಶವರ್, ತೋಟದ ನಲ್ಲಿಗಳಿಗೆ ಈ ಅಂತರ ಇಡಲು ಆಗುವುದಿಲ್ಲ. ಹಾಗಾಗಿ ಹಿಮ್ಮುಖ ಹರಿವು ತಡೆಯುವ ಸಾಧನ ಕೇಳುತ್ತಾರೆ.

ಐಆರ್‌ಸಿಯಲ್ಲಿ ಮನೆಯೊಳಗಿನ ನೀರಿನ ಒತ್ತಡ 80 ಪಿಎಸ್‌ಐ, ಅಂದರೆ ಚದರ ಇಂಚಿಗೆ 80 ಪೌಂಡ್, ದಾಟಬಾರದು. ದಾಟಿದರೆ ಒತ್ತಡ ಇಳಿಸುವ ವಾಲ್ವ್ ಕಡ್ಡಾಯ.

ಬಿಸಿನೀರಿನ ಟ್ಯಾಂಕಿಗೆ ಒತ್ತಡ ಮತ್ತು ಉಷ್ಣತೆ ಜಾಸ್ತಿಯಾದಾಗ ತೆರೆದುಕೊಳ್ಳುವ ಸುರಕ್ಷಾ ವಾಲ್ವ್ ಇರುತ್ತದೆ. ದಯವಿಟ್ಟು ಇದೊಂದನ್ನು ಸರಿಯಾಗಿ ನೋಡಿ. ಇದು ಕೆಲಸ ಮಾಡದೆ ಹೋದರೆ ಟ್ಯಾಂಕ್ ಬಾಂಬಿನಂತೆ ಸಿಡಿಯಬಲ್ಲದು. ಅದರಿಂದ ಹೊರಡುವ ಪೈಪಿಗೆ ವಾಲ್ವ್ ಹಾಕಬಾರದು, ತುದಿಗೆ ಮುಚ್ಚಳ ಹಾಕಬಾರದು. ವಾಲ್ವ್‌ನ ಬಾಯಿಗಿಂತ ಸಣ್ಣ ಪೈಪು ಬಳಸಬಾರದು. ಎಲ್ಲೂ ಮೇಲಕ್ಕೆ ಏರದೆ ಇಳಿದು, ಕಣ್ಣಿಗೆ ಕಾಣುವ ಜಾಗದಲ್ಲಿ ಮುಗಿಯಬೇಕು. ನೀರು ತೊಟ್ಟಿಕ್ಕುತ್ತದೆ ಅಂತ ಯಾರೋ ತುದಿಗೆ ಪ್ಲಗ್ ಹಾಕಿರುವುದು ಹಳೆ ಮನೆಗಳಲ್ಲಿ ಕಂಡುಬರುತ್ತದೆ. ಕಂಡ ತಕ್ಷಣ ಬಳಸುವುದನ್ನು ನಿಲ್ಲಿಸಿ, ತಿಳಿದವರನ್ನು ಕರೆಸಿ.

ಬಿಸಿ ಎಷ್ಟಿರಬೇಕು ಎನ್ನುವುದರಲ್ಲೂ ಒಂದು ಜಗ್ಗಾಟ ಇದೆ. ಟ್ಯಾಂಕಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಲೀಜಿಯೋನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಅಷ್ಟು ಬಿಸಿ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಅದಕ್ಕೇ ಶವರ್‌ನ ಹತ್ತಿರ ಬಿಸಿ ತಣ್ಣೀರು ಬೆರೆಸಿ ಮಿತಿಯಲ್ಲಿಡುವ ವಾಲ್ವ್ ಕೇಳುತ್ತಾರೆ. ಐಆರ್‌ಸಿಯ ಮಿತಿ 49 ಡಿಗ್ರಿ. ಇಂಗ್ಲೆಂಡಿನಲ್ಲಿ ಹೊಸ ಮನೆಗಳ ಬಾತ್‌ಟಬ್‌ಗೆ 48.

ಹೆಜ್ಜೆ 6: ಕೊರೆಯುವ ಮೊದಲು ಕಟ್ಟಡವನ್ನು ಓದಿ

ಪೈಪು ಹಾಯಿಸುವ ಆತುರದಲ್ಲಿ ತೊಲೆ ಕತ್ತರಿಸುವುದು ನನಗೆ ಅತಿ ಹೆಚ್ಚು ಬೇಸರ ತರಿಸುವ ತಪ್ಪು. ಸೋರಿಕೆ ಕಾಣುತ್ತದೆ, ಸರಿ ಮಾಡಬಹುದು. ತೊಲೆಯ ಗಾಯ ಮುಚ್ಚಿಹೋಗುತ್ತದೆ.

ಮರದ ಅಡ್ಡತೊಲೆ ಬಾಗುವಾಗ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಎಳೆದುಕೊಳ್ಳುತ್ತದೆ. ನಡು ಎತ್ತರದಲ್ಲಿ ಈ ಸೆಳೆತ ಕಡಿಮೆ. ಆದ್ದರಿಂದ ನಡುವಿನಲ್ಲಿ ತೂತು ಸರಿ, ಅಂಚಿನಲ್ಲಿ ಕಚ್ಚು ಅಪಾಯ. ಐಆರ್‌ಸಿ ಪ್ರಕಾರ ತೂತು ತೊಲೆಯ ಎತ್ತರದ ಮೂರನೇ ಒಂದು ಭಾಗ ದಾಟಬಾರದು, ಮೇಲೆ ಕೆಳಗೆ ಕನಿಷ್ಠ 2 ಇಂಚು ಬಿಡಬೇಕು. ಅಂಚಿನ ಕಚ್ಚು ಆರನೇ ಒಂದು ಭಾಗಕ್ಕಿಂತ ಆಳ ಬೇಡ. ತೊಲೆಯ ಉದ್ದದ ಮಧ್ಯದ ಮೂರನೇ ಒಂದು ಭಾಗದಲ್ಲಿ ಕಚ್ಚೇ ಬೇಡ. ಇದು ಗರಗಸದಲ್ಲಿ ಕೊಯ್ದ ಇಡಿ ಮರಕ್ಕೆ ಮಾತ್ರ. ಕಾರ್ಖಾನೆಯಲ್ಲಿ ಅಂಟಿಸಿ ಮಾಡಿದ ತೊಲೆಗೆ ತಯಾರಕರ ಸೂಚನೆಯೇ ಕೋಡ್.

ಇಟ್ಟಿಗೆ ಗೋಡೆಯಾದರೆ? ಪೈಪಿಗಾಗಿ ಕೊರೆಯುವ ಕಾಲುವೆಗೂ ಮಿತಿ ಇದೆ. ಇಂಗ್ಲೆಂಡಿನ ಎ ಭಾಗದಲ್ಲಿ ನೆಟ್ಟಗಿನ ಕಾಲುವೆ ಗೋಡೆ ದಪ್ಪದ ಮೂರನೇ ಒಂದು ಭಾಗ, ಅಡ್ಡ ಕಾಲುವೆ ಆರನೇ ಒಂದು ಭಾಗ ದಾಟಬಾರದು. ಅಡ್ಡದ್ದಕ್ಕೆ ಕಟ್ಟುನಿಟ್ಟು ಜಾಸ್ತಿ, ಯಾಕೆಂದರೆ ಮೇಲಿನಿಂದ ಇಳಿಯುವ ಭಾರದ ದಾರಿಯನ್ನು ಅದು ಅಡ್ಡಲಾಗಿ ಕಡಿಯುತ್ತದೆ. ಕಾಂಕ್ರೀಟ್ ಬೀಮು, ಕಂಬಗಳ ಕಬ್ಬಿಣವನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಲೇಬೇಡಿ.

ನೆಲಕ್ಕೆ ಹೊಸ ಟೈಲ್ಸ್ ಹಾಕುವವರು ಮೆಟ್ಟಿಲು ಮರೆಯುತ್ತಾರೆ. ಐಆರ್‌ಸಿಯಲ್ಲಿ ಒಂದು ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ವ್ಯತ್ಯಾಸ 9.5 ಮಿ.ಮೀ. ದಾಟಬಾರದು. ಕಾಲು ಎರಡು ಮೆಟ್ಟಿಲಲ್ಲೇ ಅಳತೆ ಕಲಿತುಬಿಡುತ್ತದೆ. ಆಮೇಲೆ ಒಂದು ಮೆಟ್ಟಿಲು ಬೇರೆ ಇದ್ದರೆ ಎಡವುತ್ತದೆ. ಹಳೆ ನೆಲದ ಮೇಲೆ ಗಾರೆ, ಟೈಲ್ಸ್ ಸೇರಿ 25 ಮಿ.ಮೀ. ಏರಿಸಿದರೆ ಮೊದಲ ಮೆಟ್ಟಿಲು ಅಷ್ಟು ಕುಗ್ಗಿತು. ಬಾಲ್ಕನಿಯಲ್ಲೂ ಹೀಗೇ. ನೆಲ ಏರಿದರೆ ರೇಲಿಂಗ್ ತಗ್ಗುತ್ತದೆ. ಐಆರ್‌ಸಿಗೆ ಅದು ಕನಿಷ್ಠ 36 ಇಂಚು ಇರಬೇಕು, ಸರಳುಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಮಗುವಿನ ಮೈ, ತಲೆ ಸಿಕ್ಕಿಕೊಳ್ಳದಿರಲಿ ಅಂತ.

ಖಾಲಿ ಕೋಣೆಯನ್ನು ಮಲಗುವ ಕೋಣೆ ಮಾಡುವುದಾದರೆ ಬೆಂಕಿ ಬಿದ್ದಾಗ ಹೊರಬರುವ ಕಿಟಕಿಯ ನಿಯಮ ಓದಿ. ಐಆರ್‌ಸಿಯಲ್ಲಿ ತೆರೆದ ಜಾಗ ಸುಮಾರು 0.53 ಚದರ ಮೀಟರ್, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿನೊಳಗೆ. ಸರಳು ಹಾಕುವುದಿದ್ದರೆ ಒಳಗಿನಿಂದ ಕೀಲಿ ಇಲ್ಲದೆ ತೆರೆಯುವಂತಿರಬೇಕು. ಕೆಲವು ನವೀಕರಣಗಳಿಗೆ ಅನುಮತಿ ಪಡೆದರೆ ಇಡೀ ಮನೆಗೆ ಹೊಗೆ ಎಚ್ಚರಿಕೆ ಗಂಟೆ ಹಾಕಬೇಕಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ವಿದ್ಯುತ್ ಬಗ್ಗೆ ಒಂದೇ ಮಾತು. ನೀರಿನ ಹತ್ತಿರದ ಪ್ಲಗ್‌ಗಳಿಗೆ ಸೋರಿಕೆ ಪ್ರವಾಹ ಪತ್ತೆ ಮಾಡಿ ಲೈನ್ ಕಡಿಯುವ ರಕ್ಷಣೆ ಬೇಕು. ಅಮೆರಿಕದಲ್ಲಿ ಅದಕ್ಕೆ ಜಿಎಫ್‌ಸಿಐ, ಬೇರೆ ಹಲವೆಡೆ ಆರ್‌ಸಿಡಿ ಅನ್ನುತ್ತಾರೆ. ಉಳಿದದ್ದನ್ನು ಲೈಸೆನ್ಸ್ ಇರುವವರಿಗೆ ಬಿಡಿ.

ಹೆಜ್ಜೆ 7: ಹಳೆ ಮನೆಯ ಪ್ರಶ್ನೆ

"ನಮ್ಮ ಮನೆ ಐವತ್ತು ವರ್ಷದ್ದು. ಎಲ್ಲವನ್ನೂ ಹೊಸ ಕೋಡಿಗೆ ತರಬೇಕಾ?" ಸಾಮಾನ್ಯವಾಗಿ ಇಲ್ಲ. ಕಟ್ಟಿದ ಕಾಲದ ನಿಯಮಕ್ಕೆ ಸರಿಯಾಗಿದ್ದು, ಈಗ ಅಪಾಯ ಇಲ್ಲದಿದ್ದರೆ ಹಾಗೇ ಉಳಿಯಬಹುದು. ನೀವು ಹೊಸದಾಗಿ ಮಾಡಿದ ಭಾಗ ಈಗಿನ ಕೋಡಿಗೆ ಹೊಂದಬೇಕು. ಹೊಸ ಕೆಲಸದಿಂದ ಹಳೆಯದರ ಸ್ಥಿತಿ ಹದಗೆಡಬಾರದು. ಎಲ್ಲಿಗೆ ಹಳೆಯದು ಮುಗಿದು ಹೊಸದು ಶುರುವಾಗುತ್ತದೆ ಎನ್ನುವುದನ್ನು ನಕ್ಷೆಯಲ್ಲೇ ಗೆರೆ ಎಳೆದು ಅಧಿಕಾರಿಗೆ ತೋರಿಸಿ. ಆಮೇಲೆ ಜಗಳ ಇರುವುದಿಲ್ಲ.

ಹಳೆ ಮನೆಯಲ್ಲಿ ಸೀಸದ ಪೈಪು, ಸೀಸದ ಬಣ್ಣ, ಆಸ್ಬೆಸ್ಟಾಸ್ ಇರಬಹುದು. ಸುಮ್ನೆ ಒಡೆಯಲು ಹೋಗಬೇಡಿ. ಮೊದಲು ಪರೀಕ್ಷೆ ಮಾಡಿಸಿ.

ಹೆಜ್ಜೆ 8: ಮನೆಯಲ್ಲೇ ಅಭ್ಯಾಸ, ಆಮೇಲೆ ತಪಾಸಣೆ

ಓದಿದ್ದು ಉಳಿಯಬೇಕಾದರೆ ಮನೆಯೊಳಗೆ ಓಡಾಡಿ. ಪ್ರತಿ ಸಿಂಕ್ ಕೆಳಗೆ ಟಾರ್ಚು ಬಿಟ್ಟು ಟ್ರ್ಯಾಪ್ ನೋಡಿ. ಅದರ ವೆಂಟ್ ಎಲ್ಲಿದೆ ಅಂತ ಊಹಿಸಿ, ಚಾವಣಿಯಲ್ಲಿ ಹುಡುಕಿ. ಕಾಣುವ ಪೈಪಿನ ಮೇಲೆ ರಸಮಟ್ಟ ಇಟ್ಟು ವಾಟ ಅಳೆಯಿರಿ. ಒಂದು ಸಂಜೆ ಹೀಗೆ ಕಳೆದರೆ ಒಂದು ವಾರದ ಓದಿಗಿಂತ ಜಾಸ್ತಿ ತಿಳಿಯುತ್ತದೆ.

ನಂತರ ನಿಮ್ಮ ಹೊಸ ಪೈಪಿನ ನಕ್ಷೆ ಬರೆಯಿರಿ. ಚೆಂದ ಇರಬೇಕಾಗಿಲ್ಲ. ಪ್ರತಿ ತುಂಡಿನ ಪಕ್ಕ ಅಗಲ, ಉದ್ದ, ವಾಟ ಮತ್ತು ಅದಕ್ಕೆ ಅನ್ವಯಿಸುವ ಕೋಡ್ ಸಂಖ್ಯೆ ಬರೆಯಿರಿ. ಸಂಖ್ಯೆ ಬರೆಯಲು ಆಗದ ಜಾಗವೇ ನೀವು ಇನ್ನೂ ಓದಬೇಕಾದ ಜಾಗ. ಈ ನಕ್ಷೆಯನ್ನು ಕೆಲಸ ಶುರುವಾಗುವ ಮೊದಲೇ ಅನುಮತಿ ಕಚೇರಿಗೆ ತೆಗೆದುಕೊಂಡು ಹೋಗಿ. "ಇದು ಸರಿನಾ?" ಅಂತ ಕೇಳುವ ಬದಲು "ಈ ಟ್ರ್ಯಾಪ್ ಆರ್ಮ್ ಐದು ಅಡಿ ಇದೆ, ಇಲ್ಲಿನ ಮಿತಿ ಎಷ್ಟು?" ಅಂತ ಕೇಳಿ. ನಿರ್ದಿಷ್ಟ ಪ್ರಶ್ನೆಗೆ ನಿರ್ದಿಷ್ಟ ಉತ್ತರ ಸಿಗುತ್ತದೆ.

ತಪಾಸಣೆ ಸಾಮಾನ್ಯವಾಗಿ ಎರಡು ಸಲ. ರಫ್-ಇನ್ ಅಂದರೆ ಪೈಪು, ವೈರು ಎಲ್ಲ ಕೂತು ಗೋಡೆ ಇನ್ನೂ ತೆರೆದಿರುವಾಗ. ಫೈನಲ್ ಅಂದರೆ ಎಲ್ಲ ಮುಗಿದ ಮೇಲೆ. ಮೊದಲನೆಯದಕ್ಕೆ ಡ್ರೈನ್ ಲೈನಿಗೆ ನೀರು ತುಂಬಿ ಸೋರುತ್ತದಾ ಎಂದು ನೋಡುತ್ತಾರೆ. ಅಧಿಕಾರಿ ಬರುವ ಮುಂಚಿನ ದಿನ ನೀವೇ ತುಂಬಿ ನೋಡಿ. ಶವರ್ ತಳದ ಜಲನಿರೋಧಕ ಪದರಕ್ಕೂ ಹಾಗೇ. ಡ್ರೈನ್ ಮುಚ್ಚಿ, ಹೊಸ್ತಿಲ ಹತ್ತಿರ 2 ಇಂಚು ನೀರು ನಿಲ್ಲಿಸುವುದು ಐಆರ್‌ಸಿ ಪರೀಕ್ಷೆ. ಅದರ ಪ್ರಕಾರ 15 ನಿಮಿಷ ಸಾಕು. ನನ್ನ ಸಲಹೆ, ಒಂದು ರಾತ್ರಿ ಬಿಡಿ. ಸಣ್ಣ ಸೋರಿಕೆಗೆ ಕಾಣಿಸಿಕೊಳ್ಳಲು ಸಮಯ ಬೇಕು.

ಎಚ್ಚರಿಕೆ: ಮೊದಲ ತಪಾಸಣೆ ಆಗದೆ ಗೋಡೆ ಮುಚ್ಚಬೇಡಿ. ಕೆಲಸದವರು ಅವಸರ ಮಾಡಿದರೂ ಬೇಡ. ಮುಚ್ಚಿದ್ದನ್ನು ಒಡೆದು ತೋರಿಸಿ ಎಂದು ಹೇಳುವ ಅಧಿಕಾರ ತಪಾಸಣೆಗೆ ಬರುವ ಅಧಿಕಾರಿಗಿದೆ.

ತಪಾಸಣೆ ಪಾಸಾದ ದಿನ, ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಅಳತೆ ಟೇಪು ಚಾಚಿ ಹಿಡಿದೇ ತೆಗೆಯಿರಿ. ಹತ್ತು ವರ್ಷದ ಮೇಲೆ ಕನ್ನಡಿ ನೇತುಹಾಕಲು ಮೊಳೆ ಹೊಡೆಯುವವರಿಗೆ ಪೈಪು ಮೂಲೆಯಿಂದ ಎಷ್ಟು ದೂರ ಇದೆ ಅಂತ ಗೊತ್ತಾಗಬೇಕಲ್ಲ. ಫೋಟೊ, ನಕ್ಷೆ, ಅನುಮತಿ ಪತ್ರ, ತಪಾಸಣೆ ಚೀಟಿ ಎಲ್ಲವನ್ನೂ ಮನೆ ಪತ್ರಗಳ ಜೊತೆ ಒಂದೇ ಕಡತದಲ್ಲಿಡಿ.